ಇಸುಬಿಗೆ ಸಾದಾ ಪೆಟ್ರೋಲಿಯಂ ಜೆಲ್ಲಿ: ಕಲಬುರಗಿಯ ಬಿಸಿಲು, ಚಳಿ ಎರಡರಲ್ಲೂ ಬಳಸಿದ ಮೇಲೆ

ನನ್ನ ಮಗಳಿಗೆ ಮೊಣಕೈ ಮಡಿಕೆಗಳಲ್ಲಿ ಮತ್ತು ಮಂಡಿಯ ಹಿಂಭಾಗದಲ್ಲಿ ಇಸುಬು ಇದೆ. ಚರ್ಮವೈದ್ಯರ ಸಲಹೆಯಂತೆ ಕೆಲವು ವರ್ಷಗಳಿಂದ ಅವಳಿಗೆ ಸುವಾಸನೆಯಾಗಲಿ ಬಣ್ಣವಾಗಲಿ ಇಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ಹಚ್ಚುತ್ತಿದ್ದೇವೆ. ಇದು ರೋಗ ವಾಸಿ ಮಾಡುವ ಔಷಧವಲ್ಲ. ಇಸುಬಿರುವ ಚರ್ಮದ ಹೊರಪದರ ದುರ್ಬಲವಾಗಿರುವುದರಿಂದ ಒಳಗಿನ ನೀರಿನಂಶ ಆರಿಹೋಗುತ್ತದೆ, ಹೊರಗಿನ ಧೂಳು ಮತ್ತು ಸೋಪು ಒಳಗಿಳಿದು ಕೆರೆತ ಎಬ್ಬಿಸುತ್ತವೆ. ಜೆಲ್ಲಿ ಆ ನೀರಿನಂಶವನ್ನು ಹಿಡಿದಿಡುತ್ತದೆ, ಅಷ್ಟನ್ನು ಬಹಳ ಚೆನ್ನಾಗಿ ಮಾಡುತ್ತದೆ. ಅನೇಕರಲ್ಲಿ ಈ ದೌರ್ಬಲ್ಯಕ್ಕೆ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯ ದೋಷ ಕಾರಣವೆಂದು 2006ರಲ್ಲಿ ತಿಳಿದುಬಂತು. ಹೀಗಿರುವಾಗ ಅಂಟುರೋಗವೆಂದು ಭಾವಿಸಿ ಶಾಲೆಯಲ್ಲಿ ಇಂಥ ಮಕ್ಕಳನ್ನು ದೂರ ಕೂರಿಸುವುದು ತೀರಾ ಅನ್ಯಾಯ.

ಜೆಲ್ಲಿಯ ಗುಣ ಹಚ್ಚುವ ರೀತಿಯ ಮೇಲೆ ನಿಂತಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಹಳೆಯ ಹತ್ತಿ ಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ತುಸು ತೇವವಾಗಿರುವಾಗಲೇ ಹಚ್ಚಬೇಕು. ಡಬ್ಬಿಗೆ ಬೆರಳು ಹಾಕದೆ ಶುಚಿಯಾದ ಚಮಚದಿಂದ ತೆಗೆದು, ಅಂಗೈಗಳ ನಡುವೆ ಕರಗಿಸಿ, ರೋಮಗಳು ಮಲಗಿರುವ ದಿಕ್ಕಿನಲ್ಲಿಯೇ ಸವರುತ್ತೇವೆ. ಎದುರಾಗಿ ತಿಕ್ಕಿದರೆ ರೋಮದ ಬುಡದಲ್ಲಿ ಗುಳ್ಳೆಗಳೇಳುತ್ತವೆ. ಇಸುಬಿರುವ ಮಕ್ಕಳಿಗೆ ಇಂಥ ಲೇಪನ ವಾರಕ್ಕೆ 250ರಿಂದ 500 ಗ್ರಾಂ ಬೇಕೆಂದು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆ. ಆದ್ದರಿಂದ ತುಟಿಗೆ ಹಚ್ಚುವ ಪುಟ್ಟ ಡಬ್ಬಿಗಳನ್ನು ಬಿಟ್ಟು ದೊಡ್ಡದನ್ನೇ ಕೊಳ್ಳುವುದು ಒಳ್ಳೆಯದು.

ನಮ್ಮ ಊರಿನ ಹವೆಗೆ ಇದು ವರ್ಷವಿಡೀ ಒಂದೇ ರೀತಿ ಹೊಂದುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಜೆಲ್ಲಿಯ ಅಡಿಯಲ್ಲಿ ಬೆವರು ನಿಂತು ಮಗು ಇನ್ನಷ್ಟು ಕೆರೆದುಕೊಳ್ಳುತ್ತದೆ. ಆಗ ಹಗಲಿಗೆ ಗ್ಲಿಸರಿನ್ ಇರುವ ಹಗುರವಾದ ಕ್ರೀಮು, ರಾತ್ರಿ ಮೈ ತೊಳೆದ ಮೇಲೆ ಜೆಲ್ಲಿ ಎಂದು ಮಾಡಿಕೊಂಡಿದ್ದೇವೆ. ಕ್ರೀಮಿನಲ್ಲಿ ನೀರೂ ಅದು ಕೆಡದಂತೆ ಸೇರಿಸುವ ರಾಸಾಯನಿಕಗಳೂ ಇರುವುದರಿಂದ ಬಿರಿದ ಚರ್ಮಕ್ಕೆ ಉರಿಯಾಗುತ್ತದೆ. ನೀರಿಲ್ಲದ ಜೆಲ್ಲಿಗೆ ಆ ತೊಂದರೆಯಿಲ್ಲ. ಡಿಸೆಂಬರ್, ಜನವರಿಯ ಒಣ ಚಳಿಗಾಳಿಯಲ್ಲಿ, ಹೊಲಗಳಲ್ಲಿ ತೊಗರಿ ರಾಶಿಯ ಧೂಳೇಳುವ ಹೊತ್ತಿನಲ್ಲಿ, ಇದಕ್ಕೆ ಸಮನಾದುದನ್ನು ನಾನು ಕಂಡಿಲ್ಲ. ಊರಿಗೆ ಹೋಗುವಾಗ ದಪ್ಪಗೆ ಹಚ್ಚಿ ತುಂಬುತೋಳಿನ ಹತ್ತಿ ಅಂಗಿ ತೊಡಿಸುತ್ತೇವೆ.

ಅನನುಕೂಲಗಳೂ ಇವೆ. ಹಾಸಿಗೆಯ ಬಟ್ಟೆಗೆ ಹತ್ತಿದ ಜಿಡ್ಡು ತಣ್ಣೀರಿಗೆ ಬಿಡುವುದಿಲ್ಲ; ಬಚ್ಚಲಿನ ಶಹಾಬಾದ್ ಕಲ್ಲಿನ ಮೇಲೆ ಕಾಲು ಜಾರುತ್ತದೆ. ಜೆಲ್ಲಿ ಹೀರಿದ ಬಟ್ಟೆಗೆ ಬೆಂಕಿ ಬೇಗ ಹೊತ್ತಿಕೊಳ್ಳುವುದರಿಂದ ಒಲೆ, ದೀಪಗಳ ಬಳಿ ಮಗುವನ್ನು ಬಿಡಬಾರದು.

ಚರ್ಮ ಕೆಂಪೇರಿ ಊದಿಕೊಂಡಾಗ ಜೆಲ್ಲಿಯೊಂದೇ ಸಾಲದು. ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ಅವರು ಹೇಳಿದಷ್ಟು ದಿನ ಹಚ್ಚಬೇಕು. ಚೀಟಿಯಿಲ್ಲದೆ ಅಂಗಡಿಯಿಂದ ತಂದ, ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ಇಸುಬಿಗೂ ಹುಳಕಡ್ಡಿಗೂ ಒಂದೇ ಎಂಬಂತೆ ಬಳಸಿದರೆ ಹುಳಕಡ್ಡಿ ಇನ್ನಷ್ಟು ಹರಡುತ್ತದೆ, ಚರ್ಮ ತೆಳುವಾಗುತ್ತದೆ. 2018ರಲ್ಲಿ ಸರ್ಕಾರ ಇವುಗಳ ಚೀಟಿರಹಿತ ಮಾರಾಟಕ್ಕೆ ಕಡಿವಾಣ ಹಾಕಿದ್ದೂ ಇಂಥ ದುರ್ಬಳಕೆ ಹೆಚ್ಚಿದ್ದರಿಂದ. ಹಳದಿ ಹಕ್ಕಳೆ, ಕೀವು ಅಥವಾ ಜ್ವರ ಕಂಡರೆ ಸೋಂಕು ತಗುಲಿರಬಹುದು. ಅಂದೇ ವೈದ್ಯರಿಗೆ ತೋರಿಸಿ.