ವ್ಯಾಕ್ಯೂಮ್ ಹೊರೈಜನ್ ತೆಗೆದು ಎಲೆಕ್ಟ್ರಾನಿಕ್ ಹಾಕಿಸಿದವನ ಅನುಭವ

ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ವ್ಯಾಕ್ಯೂಮ್‌ನಿಂದ, ಅಂದರೆ ಪಂಪ್ ಗಾಳಿ ಎಳೆಯುವ ಬಲದಿಂದ ಓಡುವ ಆರ್ಟಿಫಿಶಿಯಲ್ ಹೊರೈಜನ್ (ಹೊರಗೇನೂ ಕಾಣದಿದ್ದರೂ ವಿಮಾನ ಎತ್ತ ವಾಲಿದೆ, ಮೂಗು ಮೇಲಿದೆಯೋ ಕೆಳಗಿದೆಯೋ ಎಂದು ತೋರಿಸುವ ಡಯಲ್) ಇಟ್ಟುಕೊಂಡು ವರ್ಷಗಟ್ಟಲೆ ಹಾರಿದ್ದೇನೆ. ಈಗ ಪ್ಯಾನೆಲ್‌ನ ಅದೇ ಜಾಗದಲ್ಲಿ ಎಲೆಕ್ಟ್ರಾನಿಕ್ ಕೂತಿದೆ.

1929ರಲ್ಲಿ ಅಮೆರಿಕದ ಪೈಲಟ್ ಜಿಮ್ಮಿ ಡೂಲಿಟಲ್ ಹೊರಗೇನೂ ಕಾಣದಂತೆ ಕಾಕ್‌ಪಿಟ್‌ಗೆ ಮುಸುಕು ಹಾಕಿಕೊಂಡು ಏರಿ, ಸುತ್ತು ಹೊಡೆದು, ಇಳಿದಾಗ ಎದುರಿಗಿದ್ದ ಸ್ಪೆರಿ ಕಂಪನಿಯ ಹೊರೈಜನ್‌ಗೂ ನನ್ನ ಹಳೆಯದಕ್ಕೂ ತತ್ವ ಒಂದೇ. ಜೋರಾಗಿ ತಿರುಗುವ ಜೈರೋ ಚಕ್ರ ತನ್ನ ನಿಲುವು ಬಿಡುವುದಿಲ್ಲ, ವಿಮಾನವೇ ಅದರ ಸುತ್ತ ವಾಲುತ್ತದೆ. ಸಣ್ಣಪುಟ್ಟ ಸುಳ್ಳು ಹೇಳುತ್ತದೆ ನಿಜ: ಟೇಕಾಫ್‌ನಲ್ಲಿ ವೇಗ ಏರುವಾಗ ಮೂಗು ಇರುವುದಕ್ಕಿಂತ ತುಸು ಮೇಲಿದ್ದಂತೆ ತೋರಿಸುತ್ತದೆ, 180 ಡಿಗ್ರಿ ತಿರುಗಿ ನೇರವಾದಾಗ ಎದುರು ಬದಿಗೆ ಸ್ವಲ್ಪ ವಾಲಿದಂತೆ ತೋರಿಸಿ ಆಮೇಲೆ ತಾನೇ ಸರಿಹೋಗುತ್ತದೆ. ಅದಕ್ಕೆಲ್ಲ ಹೊಂದಿಕೊಳ್ಳಬಹುದು.

ನನ್ನ ತಕರಾರು ಅದು ಕೈಕೊಡುವ ರೀತಿಯದು. ಗಾಳಿ ಎಳೆದು ಜೈರೋ ತಿರುಗಿಸುವ ಡ್ರೈ ಪಂಪ್‌ನೊಳಗಿನ ಕಾರ್ಬನ್ ವೇನ್‌ಗಳು (ತೆಳು ರೆಕ್ಕೆಗಳು) ಸವೆದು ಸವೆದು ಒಂದು ದಿನ ಹೇಳದೆ ಕೇಳದೆ ಮುರಿಯುತ್ತವೆ. ನನ್ನದು ಹೋದದ್ದು, ಪುಣ್ಯಕ್ಕೆ, ತಿಳಿ ಆಕಾಶದಲ್ಲಿ. ಪಂಪ್ ಹೋದರೂ ಜೈರೋ ತಕ್ಷಣ ನಿಲ್ಲುವುದಿಲ್ಲ. ನಿಮಿಷಗಟ್ಟಲೆ ವೇಗ ಕಳೆದುಕೊಳ್ಳುತ್ತ, ದಿಗಂತದ ಗೆರೆಯನ್ನು ಮೆಲ್ಲಗೆ ಒಂದು ಬದಿಗೆ ಜಾರಿಸುತ್ತದೆ. ಮೋಡದೊಳಗಿದ್ದರೆ ಆ ಗೆರೆ ನೆಟ್ಟಗಾಗಲಿ ಎಂದು ಪೈಲಟ್ ವಿಮಾನವನ್ನೇ ವಾಲಿಸುತ್ತ ಹೋಗುತ್ತಾನೆ. ಗಾಳಿಯ ಎಳೆತ ಅಳೆದು ಪಂಪ್ ಹೋಗಿದೆ ಎಂದು ಹೇಳುವ ಸಕ್ಷನ್ ಗೇಜ್ ಇರುವುದೋ, ಕಣ್ಣು ಅಪರೂಪಕ್ಕೆ ಹಾಯುವ ಮೂಲೆಯಲ್ಲಿ. ಯಾರಿಗೆ ಹೊಳೆಯಿತೋ ಈ ಏರ್ಪಾಡು!

ಎಲೆಕ್ಟ್ರಾನಿಕ್‌ನಲ್ಲಿ ತಿರುಗುವ ಚಕ್ರವೇ ಇಲ್ಲ, ಎಲ್ಲ ಸೆನ್ಸರ್ ಚಿಪ್‌ಗಳ ಲೆಕ್ಕಾಚಾರ. ಲೆಕ್ಕ ನಂಬುವಂತಿಲ್ಲ ಎಂದು ಅದಕ್ಕೇ ತಿಳಿದರೆ ಪರದೆಗೆ ಅಡ್ಡಲಾಗಿ ದೊಡ್ಡ ಕೆಂಪು ಎಕ್ಸ್ ಎಳೆಯುತ್ತದೆ. ನಾನು ದುಡ್ಡು ಕೊಟ್ಟದ್ದು ಮುಖ್ಯವಾಗಿ ಇದಕ್ಕೇ. ವಿಮಾನದ ಕರೆಂಟ್ ಹೋದರೂ ಸ್ವಂತ ಬ್ಯಾಟರಿ ಇದೆ. ಬಿಸಿಲು ನೇರ ಬಿದ್ದಾಗ ಮಾತ್ರ ಪರದೆ ಓದಲು ಕಷ್ಟ, ಹಳೆಯ ಬಣ್ಣದ ಡಯಲ್‌ಗೆ ಆ ತಾಪತ್ರಯವಿರಲಿಲ್ಲ. ಇನ್ನೊಂದು ವಿಷಯ, ಇಂಥ ಹಲವು ಉಪಕರಣಗಳು ಲೆಕ್ಕ ತಿದ್ದಿಕೊಳ್ಳಲು ಜಿಪಿಎಸ್ ಅಥವಾ ಪಿಟೊ ಟ್ಯೂಬ್ (ಎದುರುಗಾಳಿಯ ಒತ್ತಡದಿಂದ ವೇಗ ತಿಳಿಸುವ ಕೊಳವೆ) ಕೊಡುವ ವೇಗವನ್ನು ನೆಚ್ಚಿಕೊಂಡಿರುತ್ತವೆ. ಕೊಳ್ಳುವ ಮುನ್ನ ಕೈಪಿಡಿಯಲ್ಲಿ ಆ ಭಾಗ ಓದಿ. ವಿಮಾನ ಎತ್ತ ತಿರುಗುತ್ತಿದೆ ಎಂದು ಬೇರೆಯಾಗಿ ತೋರಿಸುವ ಟರ್ನ್ ಕೋಆರ್ಡಿನೇಟರ್ ತೆಗೆಸಬೇಡಿ, ನಾನೂ ಉಳಿಸಿಕೊಂಡಿದ್ದೇನೆ.

ಹಗಲು, ತಿಳಿ ಹವೆಯಲ್ಲಷ್ಟೇ ಹಾರುವವರು ಇಷ್ಟು ಖರ್ಚು ಮಾಡಬೇಕಿಲ್ಲ. ಸಕ್ಷನ್ ಇಳಿದರೆ ಎದುರಿಗೇ ಹೊತ್ತಿಕೊಳ್ಳುವ ದೀಪವೊಂದನ್ನು ಹಾಕಿಸಿ, ಕೆಟ್ಟ ಡಯಲ್ ಮುಚ್ಚಲು ಒಂದು ರಟ್ಟಿನ ಬಿಲ್ಲೆ ಕೈಗೆಟುಕುವಲ್ಲಿ ಇಟ್ಟುಕೊಂಡರೆ ಸಾಕು.