ಮೂರು ಚಳಿಗಾಲ, ನಾಲ್ಕು ಒಳಂಗಿ: ಹುಬ್ಬಳ್ಳಿಯ ಸೈಕಲ್ ಸವಾರನ ಅನುಭವ

ನವೆಂಬರ್‌ನಿಂದ ಫೆಬ್ರವರಿವರೆಗೆ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಐದೂವರೆಗೆ ವಿದ್ಯಾನಗರದಿಂದ ಸೈಕಲ್ ಹೊರಡಿಸುತ್ತೇನೆ. ಉಣಕಲ್, ನವನಗರ, ರಾಯಾಪುರ, ಸತ್ತೂರು, ನವಲೂರು ದಾಟಿ ಧಾರವಾಡದ ಜುಬಿಲಿ ಸರ್ಕಲ್. ಅಲ್ಲಿ ಒಂದು ಚಹಾ, ವಾಪಸ್ ಮನೆಗೆ. ಎಲ್ಲ ಸೇರಿ 35 ಕಿಲೋಮೀಟರ್ ಆಸುಪಾಸು. ಮೂರು ವರ್ಷದಿಂದ ಇದೇ ದಾರಿ. ಈ ಮೂರು ಚಳಿಗಾಲದಲ್ಲಿ ಜರ್ಸಿಯ ಒಳಗೆ ನಾಲ್ಕು ಥರದ ಒಳಂಗಿ ಹಾಕಿ ನೋಡಿದ್ದೇನೆ.

ಮೊದಲ ವರ್ಷ ನಾನು ತಿಳಿದದ್ದು ತಪ್ಪಾಗಿತ್ತು. ಚಳಿ ಹತ್ತುವುದು ಹೊರಡುವಾಗ ಅಂದುಕೊಂಡಿದ್ದೆ. ಉಣಕಲ್ ಕೆರೆ ಹತ್ತಿರ ಗಾಳಿ ಕೊರೆಯುತ್ತದೆ, ನಿಜ. ಡಿಸೆಂಬರ್ ಕೊನೆಗೆ ಮೀಟರ್ ಒಮ್ಮೊಮ್ಮೆ 12 ಡಿಗ್ರಿ ತೋರಿಸುತ್ತದೆ. ಆದರೆ ಹತ್ತು ನಿಮಿಷ ತುಳಿದರೆ ಮೈ ಕಾಯುತ್ತದೆ. ಧಾರವಾಡ ನಮ್ಮೂರಿಗಿಂತ ಎತ್ತರದಲ್ಲಿದೆ, ಹೋಗುವಾಗ ಏರು ಜಾಸ್ತಿ. ನವಲೂರು ಬರುವಷ್ಟರಲ್ಲಿ ಬೆನ್ನೆಲ್ಲ ಬೆವರು. ನಿಜವಾದ ಥಂಡಿ ಶುರುವಾಗುವುದು ಚಹಾದಂಗಡಿ ಮುಂದೆ ನಿಂತಾಗ. ಆಮೇಲೆ ಇಳಿಜಾರಿನಲ್ಲಿ ಹಲ್ಲು ಕಟಕಟ ಅನ್ನುತ್ತವೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಎಳೆಯುತ್ತದೆ. ಒದ್ದೆ ಅಂಗಿ ಬೆನ್ನಿಗೆ ಅಂಟಿಕೊಂಡು, ಮೇಲೆ ಗಾಳಿ ಬೀಸಿದರೆ ಎರಡು ಸ್ವೆಟರ್ ಹಾಕಿದರೂ ಅಷ್ಟೇ.

ಶುರುವಿಗೆ ಹಾಕಿದ್ದು ಮನೆಯಲ್ಲಿದ್ದ ಹತ್ತಿ ಬನಿಯನ್. ಹತ್ತಿ ಬೆವರು ಕುಡಿಯುತ್ತದೆ, ಬಿಡುವುದಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಆಮೇಲೆ ದುರ್ಗದ ಬೈಲಿನಲ್ಲಿ 450 ರೂಪಾಯಿಗೆ ಬಿಳಿ ಥರ್ಮಲ್ ತಂದೆ. ಮನೆಯಲ್ಲಿ ಕೂತು ಪೇಪರ್ ಓದುವವರಿಗೆ ಒಳ್ಳೆಯದು. ಸೈಕಲ್ ಮೇಲೆ ರಾಯಾಪುರ ಬರುವಷ್ಟರಲ್ಲಿ ಒಳಗೆ ಹಬೆ. ಎಂಟೂವರೆ ಒಂಬತ್ತಕ್ಕೆ ಬಿಸಿಲು ಏರಿದ ಮೇಲಂತೂ ಕಿತ್ತೆಸೆಯಬೇಕು ಅನಿಸುತ್ತದೆ. ನಮ್ಮ ಕಡೆ ಚಳಿಗಾಲದಲ್ಲೂ ಮಧ್ಯಾಹ್ನ 28 ಡಿಗ್ರಿ ಸಾಮಾನ್ಯ, ಅಲ್ವಾ? ಥರ್ಮಲ್ ಹಾಕಿ ಅಂತ ಹಿಮ ಬೀಳುವ ಊರಿಗೆ ಹೇಳಿದ ಸಲಹೆ ಇಲ್ಲಿಗೆ ಹೊಂದುವುದಿಲ್ಲ. ಈಗ ಆ ಥರ್ಮಲ್ ಅಪ್ಪ ಹಾಕುತ್ತಾರೆ.

ಮೂರನೆಯದು ಪಾಲಿಯೆಸ್ಟರ್, ತೋಳಿಲ್ಲದ್ದು, ಮೈತುಂಬ ಸಣ್ಣ ಸಣ್ಣ ತೂತಿನ ಜಾಲರಿ ಬಟ್ಟೆ. 900 ರೂಪಾಯಿ. ಕೈಯಲ್ಲಿ ಹಿಡಿದರೆ ಸೊಳ್ಳೆಪರದೆ ಥರ ಕಾಣುತ್ತದೆ. ಮೊದಲ ದಿನ ಅವ್ವ ನೋಡಿ, "ಇಷ್ಟು ತೆಳ್ಳಂದು ಹಾಕ್ಕೊಂಡು ಇಂಥಾ ಥಂಡ್ಯಾಗ ಹೊಂಟೀಯೇನೋ?" ಅಂದಳು. ಅವಳ ಮಾತಿಗೆ ನಾನೂ ಅರ್ಧ ಒಪ್ಪಿದ್ದೆ. ಆದರೆ ಚಹಾದಂಗಡಿಯಲ್ಲಿ ಐದು ನಿಮಿಷ ನಿಂತು ಬೆನ್ನು ಮುಟ್ಟಿ ನೋಡಿದರೆ ಹೆಚ್ಚುಕಡಿಮೆ ಒಣಗಿತ್ತು. ಪಾಲಿಯೆಸ್ಟರ್ ದಾರ ತಾನು ನೀರು ಹೀರುವುದಿಲ್ಲ, ಬೆವರನ್ನು ಎಳೆಗಳ ನಡುವೆ ಹರಿಸಿ ಹೊರಗಿನ ಜರ್ಸಿಗೆ ದಾಟಿಸುತ್ತದೆ. ಜಾಲರಿಯ ತೂತಿನಲ್ಲಿ ನಿಂತ ಗಾಳಿ ಮೈ ಬೆಚ್ಚಗಿಡುತ್ತದೆ. ಇದು ನಡೆಯಬೇಕಾದರೆ ಬಟ್ಟೆ ಚರ್ಮಕ್ಕೆ ಅಂಟಿಕೊಂಡಿರಬೇಕು. ನಾನು ಮೊದಲು ನಮ್ಮವರ ಅಭ್ಯಾಸದಂತೆ "ಸ್ವಲ್ಪ ಸಡಿಲ ಇರಲಿ" ಅಂತ ಒಂದು ಸೈಜ್ ದೊಡ್ಡದು ತಗೊಂಡು ದುಡ್ಡು ಕಳೆದೆ. ಎರಡನೇ ಸಲ ಬಿಗಿಯಾದದ್ದು ತಂದ ಮೇಲೇ ಫರಕ್ ಗೊತ್ತಾಯಿತು.

ಅದರ ದೋಷ ವಾಸನೆ. ಎರಡು ದಿನ ಒಗೆಯದೆ ಹಾಕಿದರೆ ಪಕ್ಕದ ಸವಾರ ತಾನಾಗೇ ಮುಂದೆ ಹೋಗುತ್ತಾನೆ. ಮೊದಲ ವರ್ಷ ಬಟ್ಟೆ ಮೆತ್ತಗಾಗಲಿ ಅಂತ ಕಂಡೀಷನರ್ ಹಾಕಿ ಒಗೆದು ಅದರ ಒಣಗುವ ಗುಣವನ್ನೇ ಹಾಳು ಮಾಡಿಕೊಂಡಿದ್ದೆ. ಕಂಡೀಷನರ್ ಎಳೆಗಳ ಮೇಲೆ ಪದರ ಕಟ್ಟುತ್ತದೆ, ಬೆವರು ಹರಿಯುವುದಿಲ್ಲ. ಈಗ ಸವಾರಿ ಮುಗಿದ ಕೂಡಲೇ ತಣ್ಣೀರಲ್ಲಿ ಹಿಂಡಿ ನೆರಳಿಗೆ ಹಾಕುತ್ತೇನೆ. ಹದಿನೈದು ದಿನಕ್ಕೊಮ್ಮೆ ವಿನೆಗರ್ ಬೆರೆಸಿದ ನೀರಲ್ಲಿ ಅರ್ಧ ಗಂಟೆ ನೆನೆಸುತ್ತೇನೆ. ಮೂರನೇ ಚಳಿಗಾಲಕ್ಕೂ ಹೊಲಿಗೆ ಗಟ್ಟಿಯಾಗಿದೆ.

ನಾಲ್ಕನೆಯದು ಮೆರಿನೋ ಅನ್ನುವ ಕುರಿ ತಳಿಯ ಉಣ್ಣೆ. ಇದರ ಕಥೆ ಸ್ವಲ್ಪ ಉದ್ದ. ಉಣ್ಣೆ ಅಂದರೆ ನಮಗೆ ನೆನಪಾಗುವುದು ರಾಣೆಬೆನ್ನೂರು ಕಡೆಯ ಕಂಬಳಿ. ಆ ದಖ್ಖನಿ ಕುರಿಯ ಉಣ್ಣೆ ಒರಟು, ಬರಿಮೈಗೆ ತಾಕಿದರೆ ಚುಚ್ಚುತ್ತದೆ. ಮೆರಿನೋ ಎಳೆ ಬಹಳ ಸಣ್ಣದು, ಚುಚ್ಚುವುದಿಲ್ಲ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನಿಸುವುದಿಲ್ಲ. ವಾಸನೆ ಬರುವುದು ತೀರ ಕಡಿಮೆ. ಆನ್‌ಲೈನ್‌ನಲ್ಲಿ "ಪೂರ್ತಿ ಮೆರಿನೋ" ಅಂತ ಬರೆದದ್ದನ್ನು ತರಿಸಿದೆ. ಮುಟ್ಟಿದಾಗಲೇ ಅನುಮಾನ ಬಂತು. ಬಟ್ಟೆಯಿಂದ ಒಂದು ಎಳೆ ಬಿಡಿಸಿ ಕಡ್ಡಿ ಗೀರಿದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತಾನಾಗೇ ಆರುತ್ತದೆ, ಉಳಿದದ್ದು ಬೆರಳಲ್ಲಿ ಪುಡಿಯಾಗುತ್ತದೆ. ನನ್ನದು ಕರಗಿ ಗಟ್ಟಿ ಮಣಿಯಾಯಿತು. ಪರೀಕ್ಷೆ ಮಾಡುವವರು ಹೊಲಿಗೆಯ ದಾರ ಸುಡಬೇಡಿ. ಒಳ್ಳೆಯ ಮೆರಿನೋ ಅಂಗಿಗೂ ಪಾಲಿಯೆಸ್ಟರ್ ದಾರದ ಹೊಲಿಗೆ ಇರುತ್ತದೆ. ಮಾರಿದವರ ಜೊತೆ ಜಗಳಾಡಿ ಹಣ ವಾಪಸ್ ಬರುವಷ್ಟರಲ್ಲಿ ಆರು ವಾರ ಆಯಿತು, ಸಂಕ್ರಾಂತಿಯೂ ಮುಗಿದಿತ್ತು.

ಮುಂದಿನ ವರ್ಷ 3,800 ಕೊಟ್ಟು ಅಸಲಿಯದ್ದು ತಗೊಂಡೆ, 150 ಜಿಎಸ್‌ಎಂ, ಉದ್ದ ತೋಳಿನದು. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಗ್ರಾಂನಲ್ಲಿ. ನಮ್ಮ ಹವೆಗೆ 150ರ ಮೇಲೆ ಹೋಗಲೇಬೇಡಿ. ದಿನದ ಧಾರವಾಡ ಸವಾರಿಗೆ ಇದು ಸುಮ್ನೆ ದುಬಾರಿ. ಪಾಲಿಯೆಸ್ಟರ್‌ಗಿಂತ ನಿಧಾನ ಒಣಗುತ್ತದೆ. ಏರಿನಲ್ಲಿ ಜೋರಾಗಿ ತುಳಿದರೆ ಕೊನೆಗೆ ಭಾರ ಅನಿಸುತ್ತದೆ. ಇದು ನಿಜವಾಗಿ ಒಗ್ಗಿದ್ದು ಡಿಸೆಂಬರ್‌ನಲ್ಲಿ ಮಾಡಿದ 200 ಕಿಲೋಮೀಟರ್ ಬ್ರೆವೆಗೆ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ. ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕು, ವೇಗ ಹದವಾಗಿರುತ್ತದೆ. ಬೆಳಗಿನ ಮಂಜು, ಮಧ್ಯಾಹ್ನದ ಬಿಸಿಲು, ಮತ್ತೆ ಸಂಜೆ ತಂಗಾಳಿ. ಒಂದೇ ಅಂಗಿಯಲ್ಲಿ ದಿನ ಕಳೆಯಿತು, ರಾತ್ರಿ ಬಿಚ್ಚುವಾಗಲೂ ವಾಸನೆ ಇರಲಿಲ್ಲ.

ಎದೆಗೆ ಗಾಳಿ ತಡೆಯಲು ತೆಳು ವಿಂಡ್‌ಚೀಟರ್ ಜೇಬಲ್ಲಿರುತ್ತದೆ. ಅದು ಮರೆತ ದಿನ ಚಹಾದಂಗಡಿಯವರಿಂದ ಹಿಂದಿನ ದಿನದ ಪೇಪರ್ ಕೇಳಿ ಜರ್ಸಿಯೊಳಗೆ ಎದೆಗೆ ತುರುಕಿಕೊಂಡು ಇಳಿಯುತ್ತೇನೆ. ಟೂರ್ ಡಿ ಫ್ರಾನ್ಸ್ ಸವಾರರು ಬೆಟ್ಟದ ತುದಿಯಲ್ಲಿ ಮಾಡುತ್ತಿದ್ದ ಉಪಾಯ ಇದು. ಉಣಕಲ್‌ವರೆಗೆ ಆರಾಮ. ಕೈಗೆ ಹಳೇ ಉದ್ದ ಸಾಕ್ಸ್‌ನ ತುದಿ ಕತ್ತರಿಸಿ ಏರಿಸಿಕೊಳ್ಳುತ್ತೇನೆ, ಬಿಸಿಲು ಬಂದರೆ ಬಿಚ್ಚಿ ಜೇಬಿಗೆ.

ಹೊಸದಾಗಿ ಶುರು ಮಾಡುವವರು ಕೇಳಿದರೆ ನಾನು ಹೇಳುವುದು ಬಿಗಿಯಾದ ಜಾಲರಿ ಪಾಲಿಯೆಸ್ಟರ್, ಎರಡು ಜೊತೆ. ಮೆರಿನೋ ದೂರದ ಸವಾರಿಯ ಚಟ ಹತ್ತಿದ ಮೇಲೆ ನೋಡಿದರಾಯಿತು. ನನ್ನ ಮೆರಿನೋಗೆ ಹೋದ ಮಳೆಗಾಲದಲ್ಲಿ ಕಪಾಟಿನಲ್ಲೇ ನುಸಿ ಹತ್ತಿ ಬಗಲಲ್ಲಿ ಎರಡು ತೂತು ಬಿದ್ದವು. ಅವ್ವ ಸಣ್ಣ ಸೂಜಿಯಲ್ಲಿ ಹೊಲಿದು, ಡಾಂಬರ್ ಗುಳಿಗೆ ಹಾಕಿ ಡಬ್ಬದಲ್ಲಿ ಮುಚ್ಚಿಟ್ಟಿದ್ದಳು. ನವೆಂಬರ್‌ನಲ್ಲಿ ತೆಗೆದಾಗ ಮೊದಲ ವಾರ ಬೆವರಿಗಿಂತ ಆ ಗುಳಿಗೆಯ ವಾಸನೆಯೇ ಜಾಸ್ತಿ ಇತ್ತು.