ಮೇಷ್ಟ್ರ ಬೆರಳು ಕಾಣಬೇಕು: ವಾಲ್ಯೂಮೆಟ್ರಿಕ್ ವಿಡಿಯೊ ಪಾಠದಲ್ಲಿ ಒಂದೂವರೆ ವರ್ಷ

ಮಡಕೆ ಮಾಡೋದು ಕಲಿಯಲು ವಾಲ್ಯೂಮೆಟ್ರಿಕ್ ವಿಡಿಯೊ ಪಾಠ ಕೊಡುವ ಸೇವೆಯೊಂದಕ್ಕೆ ಸೇರಿ ಒಂದೂವರೆ ವರ್ಷವಾಯಿತು. ಹೆಡ್‌ಸೆಟ್ ಹಾಕಿಕೊಂಡರೆ ಮೇಷ್ಟ್ರು ತಿಗರಿಯ ಮುಂದೆ ಕೂತಿರುತ್ತಾರೆ. ಎದ್ದು ಅವರ ಸುತ್ತ ಓಡಾಡಬಹುದು, ಹೆಗಲ ಮೇಲಿಂದ ಬಗ್ಗಿ ನೋಡಬಹುದು. 360 ಡಿಗ್ರಿ ವಿಡಿಯೊದಲ್ಲಿ ಕತ್ತು ತಿರುಗಿಸಬಹುದು ಅಷ್ಟೆ, ಹತ್ತಿರ ಹೋಗಲು ಆಗುವುದಿಲ್ಲ.

ಗೋಡೆ ಎತ್ತುವಾಗ ನನ್ನ ಮಡಕೆ ಪ್ರತಿ ಸಲ ಕುಸಿಯುತ್ತಿತ್ತು. ಮಾಮೂಲಿ ವಿಡಿಯೊ ಎಷ್ಟು ನೋಡಿದರೂ ಕಾರಣ ಹೊಳೆಯಲಿಲ್ಲ. ಇಲ್ಲಿ ಮೇಷ್ಟ್ರ ಪಕ್ಕ ಮಂಡಿಯೂರಿ ನೋಡಿದೆ. ಒಳಗಿನ ಬೆರಳು ಹೊರಗಿನದಕ್ಕಿಂತ ಚೂರು ಮೇಲಿತ್ತು! ಅವತ್ತೇ ಮೊದಲ ಮಡಕೆ ನೆಟ್ಟಗೆ ನಿಂತಿತು.

ಆದರೆ ಮೊದಲ ಆರು ತಿಂಗಳು ಆ ಬೆರಳುಗಳೇ ಕಾಟ ಕೊಟ್ಟವು. ನೆಟ್ ಸ್ವಲ್ಪ ನಿಧಾನವಾದರೂ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು, ನಡುವೆ ತೂತು ಬೀಳುತ್ತಿತ್ತು. ಮುಖ ಮಾತ್ರ ಸ್ಪಷ್ಟ. ನಮಗೆ ಮುಖ ಇಟ್ಟುಕೊಂಡು ಏನಾಗಬೇಕು, ಅಲ್ವಾ?

ಯಾಕೆ ಹೀಗೆ ಅಂತ ಹುಡುಕಿದೆ. ಈ ವಿಡಿಯೊದಲ್ಲಿ ಮೇಷ್ಟ್ರ ಮೈ ಅಂದರೆ ಬಣ್ಣದ ಬಿಂದುಗಳ ರಾಶಿ. ಒಂದು ಫ್ರೇಮ್‌ನಲ್ಲಿ 10 ಲಕ್ಷ ಬಿಂದು, ಸೆಕೆಂಡಿಗೆ 30 ಫ್ರೇಮ್ ಅಂತಿಟ್ಟುಕೊಳ್ಳಿ. ಪ್ರತಿ ಬಿಂದುವಿನ ಜಾಗಕ್ಕೆ 30 ಬಿಟ್, ಬಣ್ಣಕ್ಕೆ 24. ಸೆಕೆಂಡಿಗೆ 160 ಕೋಟಿ ಬಿಟ್ ದಾಟುತ್ತದೆ. ಹಾಗೇ ಕಳಿಸಲು ಸಾಧ್ಯವೇ ಇಲ್ಲ. ಅದಕ್ಕೇ ಈ ಬಿಂದುಗಳ ಡೇಟಾ ಕುಗ್ಗಿಸಲು ವಿ-ಪಿಸಿಸಿ ಅಂತ ಒಂದು ವಿಧಾನ ಇದೆ, 2021ರಲ್ಲಿ ಐಎಸ್ಒ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡವಾಗಿ ಬಂತು. ಅಂಗಿಯ ಹೊಲಿಗೆ ಬಿಚ್ಚಿ ತುಂಡುಗಳನ್ನು ನೆಲದ ಮೇಲೆ ಹಾಸಿದ ಹಾಗೆ, ಮೈಯನ್ನು ತುಂಡು ಮಾಡಿ ಚಪ್ಪಟೆ ಚಿತ್ರದಲ್ಲಿ ಜೋಡಿಸುತ್ತಾರೆ. ಆಳಕ್ಕೊಂದು ಚಿತ್ರ, ಬಣ್ಣಕ್ಕೊಂದು, ಎಲ್ಲಿ ಬಿಂದು ಇದೆ ಎಲ್ಲಿ ಖಾಲಿ ಅಂತ ಹೇಳಲು ಇನ್ನೊಂದು. ಆಮೇಲೆ ಎಚ್‌ಇವಿಸಿಯಂಥ ಮಾಮೂಲಿ ವಿಡಿಯೊ ಕೋಡೆಕ್ (ವಿಡಿಯೊ ಕುಗ್ಗಿಸಿ ಮತ್ತೆ ಬಿಚ್ಚುವ ವಿಧಾನ) ಸಾಕು, ಸಾಧನದಲ್ಲಿ ಈಗಾಗಲೇ ಇರುವ ಚಿಪ್ಪೇ ಅದನ್ನು ಬಿಚ್ಚುತ್ತದೆ. ಜಾಣ ಕೆಲಸ. ಆದರೆ ಬೆರಳುಗಳು ಒಂದನ್ನೊಂದು ಮರೆಮಾಡುತ್ತವೆ, ತುಂಡುಗಳು ಚಿಕ್ಕದಾಗುತ್ತವೆ, ಹೊಲಿಗೆ ಜಾಸ್ತಿ. ಬಿಟ್ ಕಡಿಮೆಯಾದರೆ ಹೊಲಿಗೆ ಮೊದಲು ಬಿಡುತ್ತದೆ.

ಇದನ್ನೇ ಸೇವೆಯವರಿಗೆ ಬರೆದು ಕಳಿಸಿದೆ. ನನ್ನಂತೆ ಹಲವರು ಕೇಳಿದ್ದರಂತೆ. ಈಗ ಕೈಗಳಿಗೆ ಹೆಚ್ಚು ಬಿಟ್ ಕೊಡುತ್ತಾರೆ, ನಾವು ನೋಡದ ಕಡೆ ಕಡಿಮೆ. ವ್ಯತ್ಯಾಸ ಮೊದಲ ಪಾಠದಲ್ಲೇ ಕಾಣಿಸಿತು. ತಟ್ಟನೆ ಆ ಪಕ್ಕಕ್ಕೆ ಹೋದರೆ ಒಂದು ಕ್ಷಣ ಮಸುಕಾಗುತ್ತದೆ, ಅದೇನೂ ತೊಂದರೆಯಿಲ್ಲ. 25 ಎಂಬಿಪಿಎಸ್‌ನಲ್ಲಿ 20 ನಿಮಿಷದ ಪಾಠಕ್ಕೆ ಸುಮಾರು 4 ಜಿಬಿ ಬೇಕು. ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಒಂದು ಕೊರತೆ ಇನ್ನೂ ಇದೆ. ಪ್ರತಿ ಬಿಂದುವಿಗೆ ಒಂದೇ ಬಣ್ಣ, ಯಾವ ಕಡೆಯಿಂದ ನೋಡಿದರೂ ಅದೇ. ಹಸಿ ಮಣ್ಣಿನ ಹೊಳಪು ನಾವು ಸರಿದಂತೆ ಸರಿಯುವುದಿಲ್ಲ. ಮಣ್ಣಿಗೆ ನೀರು ಸಾಕೋ ಬೇಕೋ ಅಂತ ಆ ಹೊಳಪು ನೋಡಿಯೇ ತಿಳಿಯಬೇಕು. ಅದನ್ನು ಮಾತ್ರ ನಾನು ಇವತ್ತಿಗೂ ಕೈಯಿಂದ ಮುಟ್ಟಿಯೇ ಕಲಿಯುತ್ತಿದ್ದೇನೆ.